ಮುರಿದ ಎಲುಬಿಗೆ ರಿಪೇರಿ ಮಂತ್ರ

ನಾನು ವಾದಕ್ಕೆ ನಿಂತರೆ ಎದುರಿನವರು ಚಹಾ ಕುಡಿದು, ಲೋಟ ತೊಳೆದಿಟ್ಟು ಬಂದರೂ ನನ್ನ ಮಾತು ಮುಗಿದಿರುತ್ತಿರಲಿಲ್ಲ. ಆ ಚಾಳಿ ಈಗಲೂ ಹೋಗಿಲ್ಲ. ಆದರೆ ಸತ್ತವಳ ಪರವಾಗಿ ವಾದ ಹೂಡಿದ್ದು ಒಂದೇ ಸಲ, ಕೊಟ್ಟೂರಿನಲ್ಲಿ, ಕಾಲೇಜಿನ ಕೊನೆಯ ವರ್ಷ.

ಸತ್ತವಳು ನನ್ನ ಜೀವದ ಗೆಳತಿ. ಗಾಬರಿಯಾಗಬೇಡಿ, ಸತ್ತದ್ದು ಆಟದಲ್ಲಿ.

ಅವಳ ಚಾಚಾ, ಅಂದರೆ ಚಿಕ್ಕಪ್ಪ, ಸ್ಟೇಷನ್ ರಸ್ತೆಯಲ್ಲಿ ಗ್ಯಾರೇಜು ಇಟ್ಟಿದ್ದರು, ಮನೆಯೂ ಅದಕ್ಕೆ ಹೊಂದಿಕೊಂಡೇ ಇತ್ತು. ಅದಕ್ಕೂ ಮೊದಲು ಕೆಲವು ವರ್ಷ ದುಬೈಯಲ್ಲಿ ಲಾರಿ ರಿಪೇರಿ ಮಾಡಿ ಬಂದವರು. ಅಲ್ಲಿ ಜೊತೆಗಿದ್ದ ಇಂಗ್ಲೆಂಡಿನವನೊಬ್ಬ ಊರಿಗೆ ಹೊರಡುವಾಗ ಒಂದು ಪೆಟ್ಟಿಗೆ ಕೊಟ್ಟುಹೋಗಿದ್ದ. ಅದರಲ್ಲಿ ನಾಲ್ಕು ಮುಖದ್ದು, ಎಂಟು ಮುಖದ್ದು, ಇಪ್ಪತ್ತು ಮುಖದ್ದು ಎಂದು ಥರಾವರಿ ದಾಳಗಳು ಮತ್ತು ಒಂದು ಇಂಗ್ಲಿಷ್ ಪುಸ್ತಕ. ಮಣೆ ಇಲ್ಲ, ಕಾಯಿ ಇಲ್ಲ. ಒಬ್ಬರು ಕಥೆ ನಡೆಸಬೇಕು, ಉಳಿದವರು ಒಂದೊಂದು ಪಾತ್ರವಾಗಿ ಏನು ಮಾಡುತ್ತೇವೆಂದು ಹೇಳಬೇಕು, ಅದು ಆಯಿತೋ ಕೆಟ್ಟಿತೋ ದಾಳ ತೀರ್ಮಾನಿಸಬೇಕು; ಅಂಕಿ ದೊಡ್ಡದಾದಷ್ಟೂ ಒಳ್ಳೆಯದು. ಡಿಕ್ಷನರಿ ಹಿಡಿದು ಆ ಪುಸ್ತಕ ಓದಿ ಹೇಳುವ ಕೆಲಸ ನನ್ನದು.

ಶುಕ್ರವಾರ ನಮಾಜಿನ ಮೇಲೆ ಗ್ಯಾರೇಜು ತೆರೆಯುತ್ತಿರಲಿಲ್ಲ. ಹಿಂದಿನ ಅಂಗಳದ ಬೇವಿನ ನೆರಳಲ್ಲಿ ತಾಡಪತ್ರಿ ಹಾಸಿ ನಾವು ನಾಲ್ವರು ಕೂರುತ್ತಿದ್ದೆವು. ಕಥೆ ನಡೆಸುವವರು ಚಾಚಾ. ಚಾಚಿಯದು ಕಳ್ಳಿಯ ಪಾತ್ರ; ಮಂಡಕ್ಕಿ ಮಿರ್ಚಿ ತಂದಿಟ್ಟು, ಕೂತಲ್ಲಿಂದಲೇ ರಾಜರ ಖಜಾನೆ ದೋಚುತ್ತಿದ್ದರು. ಗೆಳತಿ ಕತ್ತಿ ಹಿಡಿದ ಸಿಪಾಯಿ. ನಾನು ಮಂತ್ರಗಾತಿ, ನನಗೆ ಬರುತ್ತಿದ್ದುದು ಒಂದೇ ಮಂತ್ರ: ಮುರಿದದ್ದನ್ನು ಕೂಡಿಸುವ ರಿಪೇರಿ ಮಂತ್ರ. "ಈಕಿ ಮಂತ್ರ ಹಿತ್ತಾಳಿ ಕೊಡಕ್ಕ ಕಲಾಯಿ ಹಾಕಾಕ ಅಷ್ಟ ಸೈ" ಎಂದು ಚಾಚಿ ಕಾಡುತ್ತಿದ್ದರು.

ಒಂದು ಶುಕ್ರವಾರ ಗೆಳತಿ ದರೋಡೆಕೋರರ ಕೋಟೆಯ ಗೋಡೆ ಹತ್ತಿದಳು. ದಾಳ ಹಾಕಿದಳು, ಬಿದ್ದದ್ದು ಒಂದು. ಅವಳೂ ಬಿದ್ದಳು, ಸತ್ತಳು. ಬೇಕಾದರೆ ಹೊಸ ಪಾತ್ರ ಹಿಡಿದು ಮೊದಲಿಂದ ಶುರು ಮಾಡಬೇಕೆಂದು ಪುಸ್ತಕದಲ್ಲಿತ್ತು. ಅಷ್ಟರಲ್ಲಿ ಅವಳ ನಿಕಾಹ್ ಹಡಗಲಿಯ ಹುಡುಗನ ಜೊತೆ ನಿಶ್ಚಯವಾಗಿತ್ತು.

"ಮೂರು ಶುಕ್ರವಾರ ಉಳದಾವು. ಅಷ್ಟಕ್ಕ ಹೊಸ ಪಾತ್ರ ಯಾಕ? ನೀವ ಆಡ್ರಿ, ನಾ ಒಳಗ ಕೆಲಸ ನೋಡ್ತೀನಿ" ಎಂದು ಅವಳು ಎದ್ದುಬಿಟ್ಟಳು.

ನನಗೂ ಉಳಿದಿದ್ದು ಅವೇ ಮೂರು. ಅವಳಿಲ್ಲದೆ ಅವನ್ನು ಕಳೆಯಲು ನನ್ನಿಂದ ಸಾಧ್ಯವೇ ಇರಲಿಲ್ಲ. ವಾರವಿಡೀ ಪುಸ್ತಕ ತಿರುವಿ, ಮುಂದಿನ ಶುಕ್ರವಾರ ಚಾಚಾರ ಎದುರು ಕೂತೆ.

"ಚಾಚಾ, ನನ್ನ ಮಂತ್ರ ಜೀವ ಇರೋದ್ರ ಮ್ಯಾಲೆ ನಡಿಯಂಗಿಲ್ಲ, ವಸ್ತು ಮ್ಯಾಲೆ ನಡೀತೈತಿ. ಹೆಣ ವಸ್ತು ಹೌದೋ ಅಲ್ಲೋ ಹೇಳ್ರಿ."

"ಜೀವ ಹೋದ ಮ್ಯಾಲೆ ವಸ್ತುನ ಬಿಡವ್ವ."

"ಹಂಗಾರ ಎಲ್ಲಾ ಎಲುಬು ಕೂಡಸ್ತೀನಿ. ಆಕಿ ಎದ್ದು ಬರಬೇಕು."

ಚಾಚಾ ಮೂಲೆಯಲ್ಲಿ ನಿಂತಿದ್ದ ಜೀಪು ತೋರಿಸಿದರು. "ಅದರ ನೆಗ್ಗು ತಗದೀನಿ, ಬಣ್ಣ ಹೊಡದೀನಿ. ಒಳಗ ಎಂಜಿನ್ ಇಲ್ಲ. ಓಡತೈತೇನು? ಜೀವ ಹಾಕೋದು ಮ್ಯಾಲಿನಾವನ ಕೆಲಸ. ನಮ್ಮದು ತಗಡಿನ ಕೆಲಸ ಅಷ್ಟ."

ಚಹಾ ಎರಡು ಸಲ ಆರುವವರೆಗೆ ವಾದಿಸಿದೆ. ಅವರು ಜಗ್ಗಲಿಲ್ಲ. ಸಿಟ್ಟಿನಲ್ಲಿ, ತಗಡಿನ ಕೆಲಸವನ್ನಾದರೂ ಪೂರ್ತಿ ಮಾಡಿಯೇ ತೀರುತ್ತೇನೆ ಎಂದೆ. ಒಂದು ಸಲ ಮಂತ್ರ ಹಾಕಿದರೆ ಕೂಡುತ್ತಿದ್ದುದು ಒಂದೇ ಮುರುಕು. ಕುತ್ತಿಗೆ, ಪಕ್ಕೆಲುಬು, ಚೂರಾದ ಮೊಣಕಾಲು ಎಂದು ಲೆಕ್ಕ ಹಿಡಿದು ಹೊತ್ತಿಳಿಯುವವರೆಗೆ ಕೂಡಿಸಿದೆ. ಒಳಗೆ ಹೋಗಿದ್ದವಳು ಹೊಸ್ತಿಲ ಮೇಲೆ ಬಂದು ಕೂತು, "ಎಡಗೈ ಬಿಟ್ಟೀ ಲೇ!" ಎಂದು ತನ್ನ ಹೆಣದ ಉಸ್ತುವಾರಿ ತಾನೇ ನೋಡತೊಡಗಿದಳು. ಆದರೆ ತಾಡಪತ್ರಿಯ ಮೇಲೆ ಬಂದು ಕೂರಲಿಲ್ಲ.

ಎರಡನೆಯ ಶುಕ್ರವಾರ ಹೆಣವನ್ನು ಊರಿಗೆ ಹೊತ್ತೊಯ್ಯೋಣ ಎಂದೆ. ಚಾಚಾ ಕೇಳಿದರು: "ಎಲುಬು ಕೂಡಸೋವಾಗ ಆಕೀನ ಹೆಂಗ ಇಟ್ಟಿದ್ದಿ?"

"ಹೆಂಗ ಅಂದ್ರ? ಕೂಡ್ರಿಸಿದ್ದೆ."

ಯೋಚಿಸದೆ ಹೇಳಿದ ಮಾತು. ನಮ್ಮ ಮನೆಗಳಲ್ಲಿ ತೀರಿಕೊಂಡವರನ್ನು ಚಕ್ಕಳಮಕ್ಕಳ ಹಾಕಿ, ಬೆನ್ನು ನೆಟ್ಟಗೆ ಮಾಡಿ ಕೂರಿಸುತ್ತಾರೆ, ಹಾಗೆಯೇ ಮಣ್ಣು ಮಾಡುತ್ತಾರೆ. ನನ್ನಜ್ಜನನ್ನು ನೋಡಿದ್ದು ಹಾಗೆಯೇ. ಸತ್ತವರು ಬೇರೆ ರೀತಿಯಲ್ಲಿ ಇರಬಹುದೆಂದು ನನಗೆ ಹೊಳೆದೇ ಇರಲಿಲ್ಲ.

"ನಮ್ಮಲ್ಲಿ ಮಲಗಸ್ತಾರ ಲೇ, ಹುಚ್ಚಿ!" ಎಂದು ಗೆಳತಿ ಹೊಸ್ತಿಲಲ್ಲೇ ಬಿದ್ದು ಬಿದ್ದು ನಕ್ಕಳು.

ಚಾಚಾ ಮಾತ್ರ ನಗಲಿಲ್ಲ, ಮೆಕ್ಯಾನಿಕ್ಕಿನ ಮುಖ ಮಾಡಿದರು. "ಮೊಣಕಾಲು ಮಡಚಿ ಹಿಡದು ವೆಲ್ಡಿಂಗ್ ಹೊಡದ್ರ ಅದು ಮಡಚೇ ಇರ್ತೈತಿ. ಇನ್ನ ಆಕಿ ಮಲಗಂಗಿಲ್ಲ."

ಹೀಗೆ ನನ್ನ ತಪ್ಪಿನಿಂದ ಅವಳು ಖಾಯಂ ಕೂತಳು. ಎತ್ತಿನ ಗಾಡಿಯ ಮೇಲೆ ಹಾಗೆಯೇ ಹೇರಿಕೊಂಡು ಹೊರಟೆವು. ದಾರಿಯಲ್ಲಿ ಅದೇ ದರೋಡೆಕೋರರು ಅಡ್ಡ ಬಂದರು. ತಮ್ಮ ಗೋಡೆಯಿಂದ ಬಿದ್ದು ಸತ್ತವಳು ಬೆನ್ನು ನೆಟ್ಟಗೆ ಮಾಡಿ, ಕಣ್ಣು ಮಿಟುಕಿಸದೆ ಗಾಡಿಯಲ್ಲಿ ಕೂತಿದ್ದಾಳೆ!

"ಹೆದರತಾರೋ ಇಲ್ಲೋ, ದಾಳ ಹಾಕ್ರಿ" ಎಂದರು ಚಾಚಾ.

ನಾನು ದಾಳಕ್ಕೆ ಕೈ ಹಾಕಿದೆ. ಚಾಚಿ ನನ್ನ ಕೈಗೆ ಒಂದು ಏಟು ಕೊಟ್ಟು, ಇಪ್ಪತ್ತು ಮುಖದ ದಾಳವನ್ನು ಹೊಸ್ತಿಲಿನತ್ತ ಎಸೆದರು. "ಅವರು ಹೆದರೋದು ಆಕೀನ ನೋಡಿ. ದಾಳ ಆಕಿನ ಹಾಕ್ಲಿ."

ಗೆಳತಿ ಎದ್ದು ಬಂದು ತನ್ನ ಹಳೆಯ ಜಾಗದಲ್ಲಿ ಚಕ್ಕಳಮಕ್ಕಳ ಹಾಕಿದಳು. ಮೊಣಕಾಲ ಮೇಲೆ ಕೈ, ಮುಖ ಕಲ್ಲು. ಬೆರಳಷ್ಟೇ ಸಡಿಲಿಸಿ ದಾಳ ಬಿಟ್ಟಳು. ಇಪ್ಪತ್ತು! ದರೋಡೆಕೋರರು ಚಪ್ಪಲಿ ಬಿಟ್ಟು ಓಡಿದರು. ಚಾಚಿ ಆ ಚಪ್ಪಲಿಗಳನ್ನೂ ಕದ್ದರು. ನಾನು ಎಷ್ಟು ನಕ್ಕೆನೆಂದರೆ ಮಂಡಕ್ಕಿ ಮೂಗಿಗೆ ಹತ್ತಿತು. ಅಂದಿನಷ್ಟು ಸಂತೋಷ ಪರೀಕ್ಷೆ ಪಾಸಾದಾಗಲೂ ಆಗಿಲ್ಲ. ಮೂರನೆಯ ಶುಕ್ರವಾರ ಗಾಡಿಯನ್ನು ಕೋಟೆಯತ್ತಲೇ ತಿರುಗಿಸಿದೆವು, ಅಂದೂ ಆಕೆಯದೇ ದರ್ಬಾರು. ಬದುಕಿದ್ದಾಗ ಒಂದು ಕೋಳಿಯನ್ನೂ ಗೆಲ್ಲದವಳು ಸತ್ತು ಕೂತು ಇಡೀ ಕೋಟೆ ಗೆದ್ದಳು.

ನಿಕಾಹ್ ಮುಗಿದು, ಹಡಗಲಿಗೆ ಹೊರಡುವ ಬಸ್ಸು ಗ್ಯಾರೇಜಿನ ಮುಂದೆ ನಿಂತಿತು. ಅಳುವುದಿಲ್ಲವೆಂದು ಆಣೆ ಮಾಡಿದ್ದ ನಾನು ಗೊಳೋ ಎಂದು ಅತ್ತುಬಿಟ್ಟೆ. ಕಿಟಕಿಯಿಂದ ಅವಳು ನನ್ನನ್ನೇ ನೋಡಿದಳು. ಆಮೇಲೆ ಜರಿಯ ದುಪಟ್ಟಾ ಸರಿಮಾಡಿಕೊಂಡು, ಸೀಟಿನ ಮೇಲೆ ಕಾಲು ಮಡಚಿ, ಬೆನ್ನು ನೆಟ್ಟಗೆ ಮಾಡಿ, ಮೊಣಕಾಲ ಮೇಲೆ ಕೈ ಇಟ್ಟು ಕಲ್ಲಾದಳು.

ಪಕ್ಕದಲ್ಲಿದ್ದ ಅವಳ ಅತ್ತೆ ಹೌಹಾರಿ ಸೊಸೆಯ ಕೆನ್ನೆ ತಟ್ಟಿದರು. "ಯಾಕವ್ವ, ಏನಾತು?"

ಮೂಗು ಒರೆಸಿಕೊಳ್ಳುತ್ತಲೇ ನಾನು ಹೋ ಎಂದು ನಕ್ಕೆ. ಗೆಳತಿ ಗಂಡನ ಮನೆಗೆ ಹೊರಟರೆ ಇವಳೆಂಥ ನಗೆ ನಗುತ್ತಾಳೆ ಎಂದು ಬೀಗರೆಲ್ಲ ನನ್ನನ್ನು ದುರುಗುಟ್ಟಿ ನೋಡಿದರು. ಬಸ್ಸು ತಿರುವು ದಾಟುವವರೆಗೂ ಅವಳು ರೆಪ್ಪೆ ಬಡಿಯಲಿಲ್ಲ.