ಮಂಡಳಿ ಮೆಟ್ಟಿಲಿಳಿದದ್ದು

ಬೆಲ್‌ಗ್ರೇಡ್ ಪಕ್ಕದ ಪಾಂಚೆವೊ ಊರಿನ ನಮ್ಮ ಬೇಕರಿಯಲ್ಲಿ ಪದರಪದರವಾಗಿ ಮಾಂಸ ತುಂಬಿ ಬೇಯಿಸುವ ಬೂರೆಕ್‌ಗೆ ಯಾಗೊದಾಳಷ್ಟು ತೆಳ್ಳಗೆ ಹಿಟ್ಟು ಎಳೆಯುವವರು ಬೇರೆ ಇರಲಿಲ್ಲ. ಮೇಜಿನ ತುಂಬ ಹರಡಿದ ಹಿಟ್ಟಿನ ಹಾಳೆಯಡಿ ಅವಳ ಕೈಯುಂಗುರ ಕಾಣುತ್ತಿತ್ತು. ಕೊರೋನಾ ಬಂದು ಮಲಗಿ ಎದ್ದಳು. ಜ್ವರ ಹೋಯಿತು, ಸುಸ್ತು ಹೋಗಲಿಲ್ಲ. ತಿಂಗಳುಗಳು ಕಳೆದಂತೆ ಬೆರಳ ಗೆಣ್ಣುಗಳು ಊದಿಕೊಂಡವು. ಒಂದು ದಿನ ಹಿಟ್ಟು ಎಳೆಯುತ್ತಲೇ ಕುಸಿದು ಕೂತಳು.

ಕಾರಣ ಹೇಳುವವರಿಗೆ ಬರವಿರಲಿಲ್ಲ. ಎದುರುಬದುರು ಕಿಟಕಿ ತೆರೆದು ಗಾಳಿಗೆ ಮೈಯೊಡ್ಡಿದ್ದರ ಫಲವೆಂದ ಅತ್ತೆ ಕ್ರುನಿಯಾ, ಕಿಟಕಿಗಳನ್ನೆಲ್ಲ ಜಡಿಸಿ, ಸೊಸೆಯ ಎದೆಗೆ ಪ್ಲಮ್ ಸಾರಾಯಿ ತಿಕ್ಕಿ, ಉಳಿದದ್ದನ್ನು ತಾನೇ ಕುಡಿದಳು. ಊರಿನ ಡಾಕ್ಟರು ರಕ್ತ ಚೆನ್ನಾಗಿದೆ, ಮನಸ್ಸೇ ಸೂಕ್ಷ್ಮ, ಸಮುದ್ರತೀರಕ್ಕೆ ಹೋಗಿಬಾ ಎಂದರು.

ಕೊನೆಗೆ ಬೆಲ್‌ಗ್ರೇಡ್‌ನ ಕೀಲುರೋಗದ ವೈದ್ಯೆಯೊಬ್ಬಳು ಬೇರೆ ಪರೀಕ್ಷೆಗಳನ್ನು ಮಾಡಿಸಿದಳು. ವೈರಸ್ಸಿನ ಮೇಲೆ ಯುದ್ಧಕ್ಕೆದ್ದ ಮೈಯ ಪಡೆ ಈಗ ತನ್ನದೇ ಕೀಲುಗಳನ್ನು ಶತ್ರುವೆಂದು ಹೊಡೆಯುತ್ತಿದೆ. ಕೊರೋನಾ ನಂತರ ಕೆಲವರಲ್ಲಿ ಹೀಗಾಗುವುದುಂಟು, ಆದರೆ ಅದೇ ಕಾರಣವೆಂದು ಆಣೆ ಇಡಲಾರೆ ಎಂದಳು. ಯಾಗೊದಾ ಬಂದು ಇದನ್ನೇ ಅತ್ತೆಗೆ ಒಪ್ಪಿಸಿದಳು.

"ಇದೇನು ಹೊಸ ರೋಗಾನೇ? ಯುದ್ಧ ಮುಗಿದ್ರೂ ಮನೆಗೆ ಹೋಗದಿರೋ ಸೈನಿಕರನ್ನ ನಾನು ಬೇಕಾದಷ್ಟು ನೋಡಿದೀನಿ. ಆದ್ರೂ ಕಿಟಕಿ ಮಾತ್ರ ತೆಗೀಬೇಡ."

ಮಾತ್ರೆ ಶುರುವಾಯಿತು. ಸಂಬಳಸಹಿತ ರಜೆಗೆ ವೈದ್ಯಕೀಯ ಮಂಡಳಿಯ ಒಪ್ಪಿಗೆ ಬೇಕಿತ್ತು. ಮಂಡಳಿ ಕೂರುವುದು ಮೂರನೇ ಮಹಡಿಯಲ್ಲಿ, ಲಿಫ್ಟು ಕೆಟ್ಟಿತ್ತು. ಮೆಟ್ಟಿಲ ಮೇಲೆ ಅಲ್ಲಲ್ಲಿ ಕೂತು, ಗೋಡೆ ಹಿಡಿದು ಹೇಗೋ ತಲುಪಿದಳು. ಅಧ್ಯಕ್ಷರಾದ ಡಾಕ್ಟರು ತಲೆಯನ್ನೂ ಎತ್ತಲಿಲ್ಲವಂತೆ.

"ಮೆಟ್ಟಿಲು ಹತ್ತಿ ಬಂದ್ರಲ್ಲಮ್ಮ? ಮತ್ತೇನು ಕಾಯಿಲೆ?"

ಅರ್ಜಿ ಬಿದ್ದುಹೋಯಿತು. ಆ ಮೆಟ್ಟಿಲುಗಳ ಪುಣ್ಯದಿಂದ ಅವಳು ವಾರವಿಡೀ ಹಾಸಿಗೆ ಬಿಟ್ಟೇಳಲಿಲ್ಲ. ಮೇಲ್ಮನವಿಯ ದಿನ ನಾನು ಜೊತೆಗೆ ಹೋದೆ. ಯಾಗೊದಾ ಕೆಳಗಿನ ಬೆಂಚಿನಲ್ಲೇ ಕೂತು ನನ್ನ ಕೈಲಿ ಹೇಳಿಕಳಿಸಿದಳು: "ಮೇಲೆ ಬಂದ್ರೆ ಗಟ್ಟಿಮುಟ್ಟು ಅಂತೀರಿ, ಬರ್ದಿದ್ರೆ ಗೈರುಹಾಜರು ಅಂತೀರಿ. ನೀವೇ ಇಳಿದು ಬನ್ನಿ."

ಹಾಗೆ ಇಳಿಯಬಾರದೆಂಬ ನಿಯಮವನ್ನು ತುಂಬ ಹೊತ್ತು ಹುಡುಕಿದರು, ಸಿಗಲಿಲ್ಲ. ಮಂಡಳಿ ಇಳಿದು ಬಂತು. ಅವಳ ಬೆರಳುಗಳನ್ನು ಮಡಚಿಸಿ ನೋಡಿದರು, ಮಡಚಲಿಲ್ಲ. ಒಪ್ಪಿಗೆಯೂ ಆಯಿತು. ಆದರೆ ಮೊಹರು ಮೇಲೆಯೇ ಉಳಿದಿತ್ತು. ಅದನ್ನು ಅಧ್ಯಕ್ಷರು ಬೇರೆಯವರ ಕೈಗೆ ಕೊಡುವಂತಿಲ್ಲ. ಭಾರಿ ಆಳಾದ ಅವರೇ ಮೂರು ಮಹಡಿ ಹತ್ತಿಳಿದು ತಂದರು. ಏದುಸಿರು ಬಿಡುತ್ತ ನಿಂತ ಅವರಿಗೆ ಯಾಗೊದಾ ಸರಿದು ಬೆಂಚಿನಲ್ಲಿ ಜಾಗ ಕೊಟ್ಟಳು.

"ಕೂತ್ಕೊಳ್ಳಿ ಡಾಕ್ಟ್ರೇ. ನಿಮ್ಮ ರಕ್ತ ಚೆನ್ನಾಗೇ ಇರುತ್ತೆ."

ಈಗ ಊತ ಇಳಿದಿದೆ, ಸುಸ್ತು ಪೂರ್ತಿ ಬಿಟ್ಟಿಲ್ಲ. ಮೈ ಒಗ್ಗಿದ ದಿನ ಬೇಕರಿಗೆ ಬಂದು ಗಲ್ಲಾದಲ್ಲಿ ಕೂರುತ್ತಾಳೆ. ನೋಡೋಕೆ ಚೆನ್ನಾಗೇ ಇದ್ದೀಯಲ್ಲ ಎನ್ನುವ ಗಿರಾಕಿಗಳಿಗೆ ಚಿಲ್ಲರೆ ಮಾತ್ರ ಕೊಡುತ್ತಾಳೆ.