ಬೆರಳಿಗಂಟಿದ ಬಳ್ಳೊಳ್ಳಿ

ಬೆಳಿಗ್ಗೆಯಿಂದ ನಾಲ್ಕು ಸಲ ಸೋಪು ಹಚ್ಚಿ ಕೈ ತೊಳೆದಿದ್ದೇನೆ. ಹುಣಸೆಹಣ್ಣು ತಿಕ್ಕಿ ನೋಡಿದೆ, ನಿಂಬೆಯ ಸಿಪ್ಪೆ ತಿಕ್ಕಿ ನೋಡಿದೆ. ಸ್ಟೀಲಿನ ಚಮಚ ತಿಕ್ಕಿದರೆ ವಾಸನೆ ಹೋಗುತ್ತದೆ ಎಂದು ಪಕ್ಕದ ಮನೆಯವರು ಹೇಳಿದರು. ಅದೂ ಆಯಿತು, ಈಗ ಚಮಚವೂ ನಾರುತ್ತಿದೆ. ಹೆಬ್ಬೆರಳು ಮತ್ತು ತೋರುಬೆರಳಿಗೆ ಹತ್ತಿದ ಬಳ್ಳೊಳ್ಳಿಯ ವಾಸನೆ ಮಾತ್ರ ಹೋಗಲೊಲ್ಲದು.

ನೀವು ಬಳ್ಳೊಳ್ಳಿ ತಿನ್ನುವ ಮನೆಯವರಾದರೆ ಇದರಲ್ಲೇನು ವಿಶೇಷ ಎಂದು ನಗುತ್ತೀರಿ. ನಾನು ಹುಟ್ಟಿ ಬೆಳೆದದ್ದು ಸವಣೂರಿನ ಆಚಾರ್ಯರ ಮನೆಯಲ್ಲಿ. ನಮ್ಮಲ್ಲಿ ಊಟದ ಹೊತ್ತಿಗೆ ಅದರ ಹೆಸರನ್ನು ಕೂಡ ಎತ್ತುತ್ತಿರಲಿಲ್ಲ. ಹೇಳಲೇಬೇಕಾದ ಪ್ರಸಂಗ ಬಂದರೆ ನಮ್ಮ ಅಜ್ಜಿ ದನಿ ತಗ್ಗಿಸಿ "ಆ ಬೆಳ್ಳಗಿಂದು" ಎನ್ನುತ್ತಿದ್ದಳು. ಅಂಥ ಮನೆಯ ಮಗ ಅರವತ್ತು ದಾಟಿದ ಮೇಲೆ ಬೆರಳು ಮೂಸಿಕೊಳ್ಳುತ್ತ ಹಾನಗಲ್ಲಿನ ತನ್ನ ಮನೆಯ ಕಟ್ಟೆಯ ಮೇಲೆ ಕೂತಿದ್ದಾನೆ. ನಿಜ ಹೇಳಬೇಕೆಂದರೆ ಈ ವಾಸನೆ ನಲವತ್ತು ವರ್ಷಗಳ ಹಿಂದೆಯೇ ನನಗೆ ಹತ್ತಬೇಕಾಗಿತ್ತು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ದಿನಾ ಸವಣೂರಿನಿಂದ ಬಸ್ಸು ಹತ್ತಿ ಶಿಗ್ಗಾಂವದ ಕಾಲೇಜಿಗೆ ಹೋಗಿ ಬಿ.ಎ. ಓದುತ್ತಿದ್ದೆ. ಓದುತ್ತಿದ್ದೆ ಎನ್ನುವುದಕ್ಕಿಂತ ಅಕ್ಷರ ದುಂಡಗೆ ಬರೆಯುತ್ತಿದ್ದೆ ಎನ್ನುವುದು ಸರಿ. ಆ ದುಂಡು ಅಕ್ಷರದ ದೆಸೆಯಿಂದಲೇ ನಾನು ಸರ್ವಧರ್ಮ ಗೆಳೆಯರ ಮಂಡಳಿಯ ಕಾರ್ಯದರ್ಶಿಯಾದೆ. ಮಂಡಳಿ ಕಟ್ಟಿದವರು ನಮಗೆ ಇತಿಹಾಸ ಕಲಿಸುತ್ತಿದ್ದ ನದಾಫ್ ಸರ್. ಖಾದಿ ಜುಬ್ಬಾ, ಬಾಯಲ್ಲಿ ಸದಾ ಸವಣೂರಿನ ವೀಳ್ಯದೆಲೆ, ಯಾರನ್ನೇ ಆಗಲಿ ಬಹುವಚನದಲ್ಲಿ ಮಾತಾಡಿಸಿ ಮುಜುಗರಕ್ಕೆ ಸಿಕ್ಕಿಸುವ ಚಾಳಿ.

ಪ್ರತಿ ಶನಿವಾರ ಪಾಠ ಮುಗಿದ ಮೇಲೆ ನಾವು ಹತ್ತಿಪ್ಪತ್ತು ಜನ ಸೇರುತ್ತಿದ್ದೆವು. ನಾನು ಗೀತೆಯ ಎರಡು ಶ್ಲೋಕ ಹೇಳುವುದು, ಲಿಂಗಾಯತರ ಹುಡುಗನೊಬ್ಬ ವಚನ ಹಾಡುವುದು, ನದಾಫ್ ಸರ್ ಕುರಾನಿನ ಒಂದು ಮಾತನ್ನು ಕನ್ನಡದಲ್ಲಿ ಬಿಡಿಸಿ ಹೇಳುವುದು, ಆಮೇಲೆ ಎಲ್ಲರೂ ಎಲ್ಲರ ಧರ್ಮವನ್ನೂ ಹೊಗಳಿ ಚಾ ಕುಡಿಯುವುದು. ಒಂದು ದಿನವೂ ಜಗಳವಾಗಲಿಲ್ಲ. ಆಗುವುದಾದರೂ ಹೇಗೆ? ತನ್ನ ಪಾಳಿ ಯಾವಾಗ ಬಂದೀತು ಎಂದು ಕಾಯುವವರೇ ಎಲ್ಲ, ಇನ್ನೊಬ್ಬರದನ್ನು ಕಿವಿಗೊಟ್ಟು ಕೇಳಿದವರು ಯಾರು?

ಈ ಸೊಗಸಾದ ಶಾಂತಿಗೆ ಕಲ್ಲು ಹಾಕಿದವನು ದುರ್ಗಪ್ಪ. ಹಿರೇಕೆರೂರು ಕಡೆಯ ಒಂದು ಹಳ್ಳಿಯವನು, ಹರಿಜನ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ. ನನಗಿಂತ ಒಂದು ಗೇಣು ಎತ್ತರ, ನನಗಿಂತ ಹತ್ತು ಪಾಲು ಕಡಿಮೆ ಮಾತು. ಅವನ ಪಾಳಿ ಬಂದ ಶನಿವಾರ ಎದ್ದು ನಿಂತು ಹೇಳಿದ:

"ಸರ್, ನಮ್ಮ ಕೇರ್ಯಾಗ ಓದಾಕ ಪುಸ್ತಕ ಇಲ್ರಿ. ದ್ಯಾಮವ್ವನ ಹಾಡು ಐತಿ, ಅದು ನನಗ ಬರಂಗಿಲ್ಲ. ಓದೂದು ಭಾಳ ಆತು, ಒಂದು ಕೆಲಸರ ಮಾಡೂಣ್ರಿ."

ಕೆಲಸವನ್ನೂ ಅವನೇ ಹುಡುಕಿಟ್ಟಿದ್ದ. ಬಂಕಾಪುರದ ಆಚೆ ಒಂದು ಹಳ್ಳಿಯಲ್ಲಿ ಅವನ ಅಕ್ಕನನ್ನು ಕೊಟ್ಟಿದ್ದರು. ಊರಿನಿಂದ ಕೇರಿಗೆ ಹೋಗುವ ದಾರಿ ಮಳೆಗಾಲದಲ್ಲಿ ಮೊಣಕಾಲುದ್ದ ಎರೆಮಣ್ಣಿನ ಕೆಸರು. ಜಡ್ಡಾದವರನ್ನು ಹೆಗಲ ಮೇಲೆ ಹೊತ್ತು ಸಾಗಿಸಬೇಕು. ಗರಸುಮಣ್ಣು ಹಾಕಿ ಆ ದಾರಿಯನ್ನು ಗಟ್ಟಿ ಮಾಡಬೇಕು ಎಂಬುದು ಅವನ ಬೇಡಿಕೆ. ನದಾಫ್ ಸರ್ ಎಲೆ ಅಗಿಯುವುದನ್ನು ನಿಲ್ಲಿಸಿ "ಖರೇ ಐತಿ" ಎಂದರು. ಬೇಸಿಗೆಯ ರಜೆಗೆ ಒಂದು ವಾರದ ಶ್ರಮದಾನ ಶಿಬಿರ ಗೊತ್ತಾಯಿತು.

ಆ ಊರಿನ ಗೌಡರು ಒಳ್ಳೆಯವರೇ. ಗರಸು ಹೇರಲು ಐದು ಚಕ್ಕಡಿ ಕೊಡಿಸುತ್ತೇನೆಂದರು. ಮನೆಮನೆಯಿಂದ ರೊಟ್ಟಿ ಬರುತ್ತವೆ, ಪಲ್ಯ ಸಾರು ನೀವು ಮಾಡಿಕೊಳ್ಳಿ, ದುಡಿಯಲು ಬಂದ ಊರವರೂ ನಿಮ್ಮ ಜೊತೆಗೇ ಉಣ್ಣುತ್ತಾರೆ ಎಂದರು. ಆಮೇಲೆ ಕೆಮ್ಮಿ, "ಮತ್ತ ಅಡಿಗಿ ಮಾಡಾವ್ರು ಯಾರ್ರಿ?" ಎಂದು ಕೇಳಿದರು.

ನದಾಫ್ ಸರ್ ನಮ್ಮೆಲ್ಲರ ಮೋರೆಯ ಮೇಲೆ ಕಣ್ಣಾಡಿಸಿದರು. ಕಣ್ಣು ಬಂದು ನಿಂತದ್ದು ನನ್ನ ಮೇಲೆ. ಗೌಡರ ಮುಖ ಅರಳಿತು. ಎಲ್ಲರೂ ಉಣ್ಣಬಹುದಾದ ಕೈ ಯಾವುದು ಎಂದು ಹುಡುಕಿ ಹುಡುಕಿ ಸರ್ವಧರ್ಮ ಮಂಡಳಿ ಕಡೆಗೆ ಒಬ್ಬ ಆಚಾರ್ಯರ ಹುಡುಗನನ್ನು ಒಲೆಯ ಮುಂದೆ ಕೂರಿಸಿತು. ಸಮಾನತೆಯ ಶಿಬಿರ ನನ್ನ ಜನಿವಾರಕ್ಕೆ ಜೋತುಬಿತ್ತು! ಇದರಲ್ಲಿ ಏನೋ ಎಡವಟ್ಟಾಗಿದೆ ಎಂದು ಆಗ ಯಾರಿಗೂ ಅನಿಸಲಿಲ್ಲ. ನನಗಂತೂ ಹೆಮ್ಮೆಯೇ ಆಯಿತು. ಮನೆಯಲ್ಲಿ ನೀರು ಕಾಯಿಸುವುದಕ್ಕೂ ನನ್ನನ್ನು ಒಲೆಯ ಹತ್ತಿರ ಬಿಡುತ್ತಿರಲಿಲ್ಲ ಎಂಬುದನ್ನು ನಾನು ಯಾರಿಗೂ ಹೇಳಲಿಲ್ಲ.

ಮೊದಲ ದಿನದ ಅಡುಗೆಯ ಬಗ್ಗೆ ಹೆಚ್ಚು ಹೇಳುವುದು ಬೇಡ. ನದಾಫ್ ಸರ್ ಬಹಳ ಹೊತ್ತು ತಟ್ಟೆ ನೋಡಿ, "ಆಚಾರ್ರ, ಛಲೋ ಆಗೇತ್ರಿ. ಇದರಾಗ ಸಾರು ಯಾವುದು, ಅನ್ನ ಯಾವುದು, ಅಷ್ಟು ಹೇಳಿಬಿಡ್ರಿ" ಎಂದರು. ಬೆಳಗಿನಿಂದ ಗುದ್ದಲಿ ಹೊಡೆದು ಹಸಿದ ಹುಡುಗರು ಬರೀ ರೊಟ್ಟಿಗೆ ಉಪ್ಪು ಹಚ್ಚಿಕೊಂಡು ತಿಂದರು. ಹೀಗೇ ಆದರೆ ಎರಡು ದಿನದಲ್ಲಿ ಶಿಬಿರ ಖಾಲಿಯಾಗುತ್ತದೆ, ದಾರಿ ಕೆಸರಲ್ಲೇ ಉಳಿಯುತ್ತದೆ ಎಂಬುದು ಎಲ್ಲರಿಗಿಂತ ಮೊದಲು ಹೊಳೆದದ್ದು ದುರ್ಗಪ್ಪನಿಗೆ. ಹಾಸ್ಟೆಲಿನ ಅಡುಗೆಯವನು ವಾರಕ್ಕೆ ಮೂರು ದಿನ ನಾಪತ್ತೆ. ಹುಡುಗರೇ ಪಾಳಿಯ ಮೇಲೆ ಅಡುಗೆ ಮಾಡಿಕೊಳ್ಳುತ್ತಿದ್ದರು, ಹಾಗಾಗಿ ಅವನ ಕೈ ಪಳಗಿತ್ತು. ಮರುದಿನ ಅವನು ಕಟ್ಟಿಗೆ ಒಡೆಯುವ ನೆಪದಲ್ಲಿ, ನಾವು ಇಳಿದುಕೊಂಡಿದ್ದ ಶಾಲೆಯ ಹಿಂದಿನ ಅಡುಗೆಯ ಖೋಲಿಗೆ ಬಂದು ಬಾಗಿಲು ಮುಂದೆ ಮಾಡಿದ.

"ನೀ ಹೊರಗ ಹೋಗಿ, ಆಚಾರ್ರು ಮಡೀಲೆ ಅಡಿಗಿ ಮಾಡ್ತಾರ, ಯಾರೂ ಒಳಗ ಬರಬ್ಯಾಡ್ರಿ ಅಂತ ಹೇಳಿ ಬಾ. ನಾ ಮಾಡ್ತೇನಿ."

"ಗೊತ್ತಾದರ?"

"ಮೊದಲ ರಸ್ತಾ ಆಗ್ಲಿ. ಕೈ ಯಾರದು ಅನ್ನೂದು ಆಮ್ಯಾಲೆ ನೋಡೂಣು."

ಹೀಗೆ ನಮ್ಮ ಹಿರಿಯರು ಯಾರನ್ನು ಹೊರಗಿಡಲು ಮಡಿ ಮಾಡಿದ್ದರೋ, ಅದೇ ಮಡಿ ಅವನನ್ನು ಒಳಗೆ ಬಚ್ಚಿಟ್ಟಿತು. ಅವನು ಬಳ್ಳೊಳ್ಳಿಯ ಗಡ್ಡೆಯನ್ನು ನೆಲದ ಮೇಲಿಟ್ಟು ಅಂಗೈಯಿಂದ ಒಮ್ಮೆ ಗುದ್ದುತ್ತಿದ್ದ. ಎಸಳುಗಳು ಬಿಚ್ಚಿಕೊಂಡು ನಾಲ್ಕು ಕಡೆ ಹಾರುತ್ತಿದ್ದವು. ಎಣ್ಣೆಗೆ ಬಳ್ಳೊಳ್ಳಿ, ಉಳ್ಳಾಗಡ್ಡಿ, ಮೆಣಸಿನಕಾಯಿ, ಮೇಲೆ ಕಡಲೆಹಿಟ್ಟು ಕಲಸಿದ ನೀರು. ಅವನ ಝುಣಕದ ವಾಸನೆ ಗುದ್ದಲಿ ಹಿಡಿದವರ ತನಕ ಹೋಗುತ್ತಿತ್ತು. ನಾನು ಬಡಿಸುತ್ತಿದ್ದೆ. ಜನ ಬೆರಳು ನೆಕ್ಕಿ "ಆಚಾರ್ರ ಕೈ ಅಂದ್ರ ಕೈ!" ಎನ್ನುತ್ತಿದ್ದರು. ನಾನು ವಿನಯದಿಂದ ತಲೆ ತಗ್ಗಿಸುತ್ತಿದ್ದೆ.

ಪಂಕ್ತಿ ಎದ್ದ ಮೇಲೆ ಖೋಲಿಯಲ್ಲಿ ನಾವಿಬ್ಬರೇ. ಅವನು ರೊಟ್ಟಿ, ಝುಣಕ ಹಾಕಿಕೊಂಡು ಕೂರುತ್ತಿದ್ದ. ನಾನು ಅವ್ವ ಕಟ್ಟಿಕೊಟ್ಟಿದ್ದ ಅವಲಕ್ಕಿಯ ಗಂಟು ಬಿಚ್ಚುತ್ತಿದ್ದೆ. "ನಮಗ ಬಳ್ಳೊಳ್ಳಿ ನಡಿಯೂದಿಲ್ಲೋ" ಎಂದೆ. ಅವನು ಹೂಂ ಎಂದ.

ಮೂರನೆಯ ದಿನ ಅವನು ಒಂದು ಸಣ್ಣ ಬಟ್ಟಲನ್ನು ನನ್ನ ಮುಂದೆ ಇಟ್ಟ.

"ಇದಕ್ಕ ಬಳ್ಳೊಳ್ಳಿ ಹಾಕಿಲ್ಲ, ಉಳ್ಳಾಗಡ್ಡೀನೂ ಹಾಕಿಲ್ಲ. ಒಗ್ಗರಣಿ ಹಾಕೂಕಿಂತ ಮೊದಲ ನಿನಗಂತ ಬ್ಯಾರೆ ಮಾಡೇನಿ."

ಬಟ್ಟಲಿನಿಂದ ಹಬೆ ಏಳುತ್ತಿತ್ತು. ನಾನು ಅದನ್ನು ನೋಡಿದೆ, ಅವನ ಕೈ ನೋಡಿದೆ. ಆಮೇಲೆ ನನ್ನ ಬಾಯಿಂದ ಬಂದ ಮಾತು ಇದು: "ಇವತ್ತ ಯಾಕೋ ಹೊಟ್ಟಿ ಸರಿ ಇಲ್ಲೋ."

ಅವನು ಬಟ್ಟಲು ತನ್ನ ಕಡೆಗೆ ಎಳೆದುಕೊಂಡು ಅದನ್ನೂ ತಾನೇ ಉಂಡ. ಈ ಪ್ರಬಂಧದಲ್ಲಿ ನಾನು ನಗಿಸಲು ನೋಡುತ್ತಿರುವುದೆಲ್ಲ ಈ ಒಂದು ಮಾತನ್ನು ದಾಟಿ ಹೋಗಲು ಎಂದು ನಿಮಗೆ ಅನಿಸಿದರೆ ಅದು ತಪ್ಪಲ್ಲ. ಆ ಬಟ್ಟಲು ನೆನಪಾದರೆ ನನಗೆ ಇಂದಿಗೂ ನಾಚಿಕೆಯಾಗುತ್ತದೆ.

ನಾಲ್ಕನೆಯ ದಿನ ಗುಟ್ಟು ಒಡೆಯಿತು. ಒಡೆದವಳು ರೊಟ್ಟಿಯ ಬುಟ್ಟಿ ಹೊತ್ತು ತರುತ್ತಿದ್ದ ನೀಲವ್ವ, ಗೌಡರ ತಾಯಿ. ಪಂಕ್ತಿಯ ನಡುವೆ ನಿಂತು ಸೊಂಟದ ಮೇಲೆ ಕೈಯಿಟ್ಟು ಕೇಳಿದಳು:

"ಆಚಾರ್ರ, ನಿಮ್ಮ ಮಂದಿ ಬಳ್ಳೊಳ್ಳಿ ಮುಟ್ಟಂಗಿಲ್ಲ ಅಂತಾರ. ಇಂಥಾ ಒಗ್ಗರಣಿ ಎಲ್ಲಿ ಕಲ್ತ್ರಿ?"

"ಪುಸ್ತಕದಾಗ ಓದೀನಿ" ಎಂದೆ.

ಮುದುಕಿ ಉಡಿಯಿಂದ ಒಂದು ಗಡ್ಡೆ ತೆಗೆದು ನನ್ನ ಕೈಗಿಟ್ಟಳು. "ಹಂಗಾರ ಇದನ್ನೊಂದು ಸುಲದು ತೋರಸ್ರಿ."

ನಾನು ಬಾಳೆಹಣ್ಣು ಸುಲಿಯುವಂತೆ ಮೇಲಿಂದ ಶುರು ಮಾಡಿದೆ. ಬಿಳಿ ಸಿಪ್ಪೆ ಬಂತು, ಅದರ ಕೆಳಗೆ ಮತ್ತೊಂದು ಸಿಪ್ಪೆ. ಉಗುರು ಹಾಕಿದೆ, ಹಲ್ಲು ಹಾಕಲು ಹೋಗಿ ಧೈರ್ಯ ಸಾಲದೆ ನಿಂತೆ. ಪಂಕ್ತಿಯಲ್ಲಿ ನಗೆಯೆದ್ದಿತು. ನಗುತ್ತ ನಗುತ್ತ ಒಬ್ಬೊಬ್ಬರಿಗೂ ಇನ್ನೊಂದು ವಿಚಾರ ಹೊಳೆದು ನಗೆ ನಿಂತಿತು. ಆಗ ಖೋಲಿಯ ಬಾಗಿಲು ತೆರೆದು ದುರ್ಗಪ್ಪ ಹೊರಗೆ ಬಂದ. ನನ್ನ ಕೈಯಿಂದ ಗಡ್ಡೆ ತೆಗೆದುಕೊಂಡು ಕಟ್ಟೆಯ ಮೇಲಿಟ್ಟು ಅಂಗೈಯಿಂದ ಗುದ್ದಿದ. ಎಸಳು ಹಾರಿದವು.

"ನಾ ಮಾಡೇನ್ರಿ ಅಡಿಗಿ. ಮೂರು ದಿನದ್ದೂ ನಾನ ಮಾಡೇನಿ."

ಎಂಟು ಜನ ತಟ್ಟೆ ಬಿಟ್ಟು ಎದ್ದರು. ಅವರಲ್ಲಿ ಇಬ್ಬರು ನಮ್ಮ ಮಂಡಳಿಯವರೇ, ಶನಿವಾರ ತಪ್ಪದೆ ಬರುವವರು. ನದಾಫ್ ಸರ್ ತಟ್ಟೆ ಮುಂದೆ ಚಾಚಿ, "ದುರ್ಗಪ್ಪನವರ, ನನಗ ಇನ್ನೊಂದೀಟು ಹಾಕ್ರಿ" ಎಂದರು. ನೀಲವ್ವ ಎದ್ದು ಹೋಗುವವರ ಬೆನ್ನಿಗೆ ಕೂಗಿದಳು: "ಮೂರು ದಿನದ್ದು ಹೊಟ್ಟ್ಯಾಗ ಐತಲ್ರೋ, ಅದನ್ನೆಲ್ಲಿ ಇಟ್ಟು ಹೊಂಟ್ರಿ?"

ಮರುದಿನ ಐದು ಚಕ್ಕಡಿಗಳಲ್ಲಿ ಎರಡೇ ಬಂದವು. ಉಳಿದ ಗರಸನ್ನು ಹುಡುಗರೂ ಕೇರಿಯವರೂ ಬುಟ್ಟಿಯಲ್ಲಿ ಹೊತ್ತು ಹಾಕಿದರಂತೆ. ವಾರದ ಶಿಬಿರ ಒಂಬತ್ತು ದಿನವಾಯಿತಂತೆ, ದಾರಿ ಕೇರಿಯ ತನಕ ಮುಟ್ಟಿತಂತೆ. ಅಂತೆ ಎನ್ನುತ್ತಿದ್ದೇನೆ, ಏಕೆಂದರೆ ನಾನು ಅಲ್ಲಿರಲಿಲ್ಲ. ಸುದ್ದಿ ಸವಣೂರಿಗೆ ಹಾರಿ ಕಾಕಾ ಬೆಳಗಿನ ಬಸ್ಸಿಗೇ ಬಂದು ನನ್ನನ್ನು ಎಳೆದುಕೊಂಡು ಹೋಗಿದ್ದರು.

"ಎಷ್ಟು ದಿನ ಉಂಡಿ?" ಎಂದು ಕಾಕಾ ಕೇಳಿದರು. ಉಂಡಿಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಅಷ್ಟಾದರೂ ಮರ್ಯಾದೆ ಇರಲಿ ಅನಿಸಿತು. "ಮೂರು ದಿನ" ಎಂದೆ. ಪಂಚಗವ್ಯ ಕುಡಿಸಿದರು, ಹೊಸ ಜನಿವಾರ ಹಾಕಿಸಿದರು. ನೋಡಿ ನನ್ನ ಪುಣ್ಯ, ತಿನ್ನದ ಬಳ್ಳೊಳ್ಳಿಗೆ ಪ್ರಾಯಶ್ಚಿತ್ತ ಮಾಡಿಸಿಕೊಂಡವನು ನಮ್ಮ ವಂಶದಲ್ಲಿ ನಾನೊಬ್ಬನೇ ಇರಬೇಕು.

ಕಾಲೇಜು ಶುರುವಾದಾಗ ನಾನು ಹೀರೊ ಆಗಿಬಿಟ್ಟಿದ್ದೆ. ದುರ್ಗಪ್ಪನ ಕೈಯೂಟ ಉಂಡು, ಮನೆಯವರನ್ನು ಎದುರು ಹಾಕಿಕೊಂಡು, ಪಂಚಗವ್ಯ ಕುಡಿದು ಬಂದವನು! ಮೊದಲ ಶನಿವಾರವೇ ನದಾಫ್ ಸರ್ ಎಲ್ಲರ ಮುಂದೆ ನನ್ನ ಬೆನ್ನು ತಟ್ಟಿದರು. ನಾನು ತಲೆ ತಗ್ಗಿಸಿದೆ, ಎಲ್ಲರೂ ಅದನ್ನು ವಿನಯ ಎಂದುಕೊಂಡರು. ಮೂರನೆಯ ಬೆಂಚಿನಲ್ಲಿ ದುರ್ಗಪ್ಪ ಕೂತಿದ್ದ. ಅವನು ಒಂದು ಮಾತು ಹೇಳಿದ್ದರೆ ನಾನು ನೆಲಕ್ಕಿಳಿಯುತ್ತಿದ್ದೆ. ಹೇಳಲಿಲ್ಲ. ಹೊರಗೆ ಬಂದ ಮೇಲೆ ನನಗೊಬ್ಬನಿಗೇ ಹೇಳಿದ:

"ಅವರು ಗೊತ್ತಾದ ಮ್ಯಾಲೆ ಎದ್ದು ಹ್ವಾದ್ರು. ನೀ ಗೊತ್ತಿದ್ದು ಕುಂದರಲೇ ಇಲ್ಲ. ಇರ್ಲಿ ಬಿಡು."

ಇರಲಿ ಬಿಡು ಎಂದವನು ಬಿಡಲಿಲ್ಲ. ಓದು ಮುಗಿಸಿ ಮಾಸ್ತರನಾದ, ಹೆಡ್ ಮಾಸ್ತರನಾಗಿ ನಿವೃತ್ತನಾಗಿ ರಟ್ಟೀಹಳ್ಳಿಯಲ್ಲಿ ಮನೆ ಕಟ್ಟಿದ. ನಾವು ಎಷ್ಟೋ ಸಲ ಭೆಟ್ಟಿಯಾಗಿದ್ದೇವೆ, ಹೋಟೆಲಿನಲ್ಲಿ ಮಿರ್ಚಿ ತಿಂದು ಚಾ ಕುಡಿದಿದ್ದೇವೆ. ಮನೆಗೆ ಊಟಕ್ಕೆ ಬಾ ಎಂದಾಗಲೆಲ್ಲ ನನ್ನ ಪಂಚಾಂಗದಲ್ಲಿ ಒಂದು ಏಕಾದಶಿ ಹುಟ್ಟಿಕೊಳ್ಳುತ್ತಿತ್ತು. ಪ್ರತಿ ವರ್ಷ ಸುಗ್ಗಿಯಾದ ಮೇಲೆ ಬಸ್ಸಿನ ಕಂಡಕ್ಟರನ ಕೈಯಲ್ಲಿ ಅವನು ತನ್ನ ಹೊಲದ ಬಳ್ಳೊಳ್ಳಿಯ ಒಂದು ಗೊಂಚಲು ಕಳಿಸುತ್ತಾನೆ. ಚೀಟಿ ಇಲ್ಲ, ಮಾತಿಲ್ಲ. ಪ್ರತಿ ವರ್ಷ ನಾವು ಅದನ್ನು ಪಕ್ಕದ ಮನೆಗೆ ಕೊಟ್ಟುಬಿಡುತ್ತೇವೆ.

ಈ ಸಲವೂ ಗೊಂಚಲು ಬಂತು. ನನ್ನ ಹೆಂಡತಿಗೆ ಬಟ್ಟಲಿನ ಕಥೆ ಗೊತ್ತು. ಗೊಂಚಲನ್ನು ಬಾಗಿಲ ಮೊಳೆಗೆ ತೂಗುಹಾಕಿ, "ಇನ್ನೆಷ್ಟು ವರ್ಷ ಇದನ್ನ ಹಂಚೋದು? ಒಮ್ಮೆ ಹೋಗಿ ಉಂಡು ಬರ್ರಿ" ಎಂದಳು.

ನಿನ್ನೆ ಭಾನುವಾರ. ಹಿರೇಕೆರೂರಿನಲ್ಲಿ ಬಸ್ಸು ಬದಲಿಸಿ ರಟ್ಟೀಹಳ್ಳಿಗೆ ಹೋದೆ. ದುರ್ಗಪ್ಪ ನನ್ನನ್ನು ನೋಡಿ ಆಶ್ಚರ್ಯಪಡಲಿಲ್ಲ. ಮನೆಯವರನ್ನೆಲ್ಲ ಅಡುಗೆಮನೆಯಿಂದ ಹೊರಗೆ ಕಳಿಸಿ ತಾನೇ ಒಲೆ ಹೊತ್ತಿಸಿದ. ತಲೆ ಪೂರ್ತಿ ಬೆಳ್ಳಗಾಗಿದೆ.

"ಬಳ್ಳೊಳ್ಳಿ ಹಾಕ್ಲೋ, ಬಿಡ್ಲೋ?"

"ಹಾಕೋ" ಎಂದೆ.

"ಹಂಗಾರ ಸುಲಿ."

ಗಡ್ಡೆಯನ್ನು ನೆಲದ ಮೇಲಿಟ್ಟು ಅಂಗೈಯಿಂದ ಗುದ್ದಿದೆ. ಎರಡನೆಯ ಗುದ್ದಿಗೆ ಬಿಚ್ಚಿಕೊಂಡಿತು. ಅವನು ಮಾಡಿದ, ನಾನು ಬಡಿಸಲಿಲ್ಲ, ತಟ್ಟೆಯ ಮುಂದೆ ಕೂತೆ. ಮೊದಲ ತುತ್ತಿಗೇ ಖಾರ ನೆತ್ತಿಗೇರಿ ಕಣ್ಣಲ್ಲಿ ನೀರು ಬಂತು. ಖಾರದ್ದೇ ಎಂದು ಹೇಳಿಬಿಟ್ಟರೆ ಮತ್ತೊಂದು ಸುಳ್ಳಾದೀತು. ಅವನು ನೀರಿನ ತಂಬಿಗೆ ಮುಂದೆ ಸರಿಸಿ, ನಗದೆ, ನೆಟ್ಟಗೆ ನೋಡುತ್ತ ಕೇಳಿದ:

"ಹೊಟ್ಟಿ ಹೆಂಗೈತಿ ಈಗ?"

"ಈಗ ಆರಾಮ ಅದ" ಎಂದೆ.

ಇನ್ನೊಂದು ರೊಟ್ಟಿ ಹಾಕಿದ. ಉಂಡೆ.

ಐದನೆಯ ಸಲ ಕೈ ತೊಳೆಯಬೇಕೆಂದು ಈಗಷ್ಟೇ ಎದ್ದಿದ್ದೆ. ಬಾಗಿಲ ಮೊಳೆಗೆ ಗೊಂಚಲು ಹಾಗೇ ತೂಗುತ್ತಿತ್ತು. ಎರಡು ಗಡ್ಡೆ ಕಿತ್ತುಕೊಂಡು ಒಳಗೆ ಹೆಂಡತಿಯ ಕೈಗೆ ಕೊಟ್ಟು ಬಂದು ಕೂತಿದ್ದೇನೆ.