ಮೊಲ ಓಡದ ಬೆಳಕು

ಹೂವಿನ ಹಿಪ್ಪರಗಿಯ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಮನೆ ಬಸವನ ಬಾಗೇವಾಡಿಯಲ್ಲಿ, ತವರು ತಾಂಬಾದಲ್ಲಿ. ತವರಿನ ಹೊಲ ಊರಿನಿಂದ ಸ್ವಲ್ಪ ದೂರ. ಕೆಳಗಿನ ಅರ್ಧದಲ್ಲಿ ಅಣ್ಣ ಜೋಳ, ಲಿಂಬೆ ಬೆಳೆಯುತ್ತಾನೆ. ಮೇಲಿನ ಅರ್ಧ ಬರೀ ಕಲ್ಲುಮಡ್ಡಿ. ಅಲ್ಲಿ ಹುಲ್ಲು ಬಿಟ್ಟರೆ ಏನೂ ಬರುವುದಿಲ್ಲ. ಹಾಗಾಗಿಯೇ ಅಲ್ಲಿ ಮೊಲಗಳಿದ್ದವು, ಒಂದು ಜೋಡಿ ಗುಳ್ಳೆನರಿಗಳಿದ್ದವು.

ನನಗೆ ಅವುಗಳ ಹುಚ್ಚು ಹಿಡಿಸಿದವನು ಅಣ್ಣನೇ. ನಾನು ಮೂರನೆಯ ಇಯತ್ತೆಯಲ್ಲಿದ್ದಾಗ ಒಂದು ಬೆಳಗ್ಗೆ ಹುಲ್ಲಿನೊಳಗಿನ ಸಣ್ಣ ತಗ್ಗೊಂದರಲ್ಲಿ ನನ್ನ ಅಂಗೈ ಹಿಡಿದು ಇಟ್ಟ. ಬೆಚ್ಚಗಿತ್ತು. "ಈಗ ಎದ್ದು ಹೋಗೇತಿ ನೋಡು, ಮೊಲದ ಹಾಸಿಗಿ" ಎಂದ. ಆಮೇಲೆ ನಾನು ಓದಿದ ಯಾವ ಪುಸ್ತಕವೂ ನನಗೆ ಅಷ್ಟು ಕಲಿಸಲಿಲ್ಲ. ಇದನ್ನು ನಾನು ಒಪ್ಪಿಕೊಳ್ಳಲೇಬೇಕು. ಅವನ ಮೇಲಿನ ಸಿಟ್ಟಿನಲ್ಲಿ ಎಷ್ಟೋ ಸಲ ಇದನ್ನು ಮರೆಯಲು ನೋಡಿದ್ದೇನೆ.

ಮೂರು ವರ್ಷದ ಹಿಂದೆ ಬೇಸಿಗೆ ರಜೆಗೆ ತವರಿಗೆ ಹೋಗಿದ್ದೆ. ರಾತ್ರಿಪಾಳಿಯ ಕರೆಂಟು ಬಂದಾಗ ಮೋಟರು ಚಾಲೂ ಮಾಡಲು ಅಣ್ಣ ಹೊಲಕ್ಕೆ ಹೋಗುತ್ತಿದ್ದ, ನಾನೂ ಹೊರಟೆ. ಅವನ ಕೈಯಲ್ಲಿ ಬಿಳಿ ಬೆಳಕಿನ ದೊಡ್ಡ ಬ್ಯಾಟರಿ. ಮಡ್ಡಿಯ ಕಡೆ ಅದನ್ನು ತಿರುಗಿಸಿದ್ದೇ ತಡ, ಎರಡು ಕಣ್ಣು ಮಿಂಚಿದವು, ಒಂದು ಬಾಲ ಹಾರಿತು, ಮುಗಿಯಿತು. ಹತ್ತು ಸಲ ಹೋದರೆ ಹತ್ತು ಸಲವೂ ಅಷ್ಟೇ. ಮೊಲ ಮೇಯುವುದನ್ನು ನೋಡಬೇಕು, ನರಿ ಮರಿಗಳನ್ನು ಹೊರಗೆ ತರುವುದನ್ನು ನೋಡಬೇಕು ಎಂಬ ಆಸೆ ನನಗೆ. ಬೆದರಿ ಓಡುವ ಬೆನ್ನು ನೋಡಿ ಸಾಕಾಗಿತ್ತು.

ರಾತ್ರಿ ತಿರುಗುವ ನಾಲ್ಕು ಕಾಲಿನ ಪ್ರಾಣಿಗಳ ಕಣ್ಣಿಗೆ ಕೆಂಪು ಬೆಳಕು ಬಹಳ ಮಂದ, ಹೆಚ್ಚುಕಡಿಮೆ ಕತ್ತಲೆಯಂತೆಯೇ. ಇದನ್ನು ತರಗತಿಯಲ್ಲಿ ಹೇಳಿದ್ದೆ, ಸ್ವತಃ ಪರೀಕ್ಷಿಸಿರಲಿಲ್ಲ. ಬಾಗೇವಾಡಿಯ ಅಂಗಡಿಯಲ್ಲಿ ಕೆಂಪು ಬೆಳಕಿನ ಬ್ಯಾಟರಿ ಕೇಳಿದರೆ ಅಂಗಡಿಯವನು ನಕ್ಕ. "ಅದು ರೈಲ್ವೆದವರಿಗೆ ಬೇಕಾಗ್ತೈತ್ರಿ ಟೀಚರ್, ನಿಮಗ್ಯಾಕ್ರಿ?" ಎಂದ. ಮೊದಲು ಹಳೆಯ ಬ್ಯಾಟರಿಯ ಗಾಜಿಗೆ ಕೆಂಪು ಪ್ಲಾಸ್ಟಿಕ್ ಹಾಳೆ ಸುತ್ತಿ ರಬ್ಬರ್ ಹಾಕಿದೆ. ಸಂದಿನಿಂದ ಬಿಳಿ ಬೆಳಕು ಸೋರುತ್ತಿತ್ತು, ಹತ್ತು ಹೆಜ್ಜೆ ಆಚೆ ಏನೂ ಕಾಣುತ್ತಿರಲಿಲ್ಲ. ಆಮೇಲೆ ಫೋನಿನಲ್ಲಿ ನೋಡಿ ಒಂದು ತರಿಸಿದೆ. ಅದರ ಕೆಂಪು ಬೆಳಕು ಕೆಟ್ಟುನಿಂತ ಲಾರಿಯ ಹಿಂದೆ ಇಡಲು ಮಾಡಿದ್ದು, ಬರೀ ಮಿಣುಕುತ್ತಿತ್ತು. ಇನ್ನೊಂದರಲ್ಲಿ ಕೆಂಪಿಗೆ ಹೋಗಬೇಕಾದರೆ ಗುಂಡಿಯನ್ನು ಎರಡು ಸಲ ಒತ್ತಬೇಕು, ಮೊದಲ ಒತ್ತಿಗೆ ಬಿಳಿಯೇ ಹತ್ತುತ್ತಿತ್ತು. ಆ ಒಂದು ಕ್ಷಣದಲ್ಲಿ ಇಡೀ ಮಡ್ಡಿ ಖಾಲಿ. ಅದನ್ನೂ ವಾಪಸು ಕಳಿಸಿದೆ.

ಕೊನೆಗೆ ಸಿಕ್ಕಿದ್ದು ಅಂಗೈ ಉದ್ದದ್ದು, ಕಪ್ಪು ಬಣ್ಣದ್ದು. ದೀಪವೇ ಕೆಂಪು, ಬಿಳಿ ಎಂಬುದೇ ಅದರಲ್ಲಿಲ್ಲ. ಮುಂದಿನ ಬಳೆ ತಿರುಗಿಸಿದರೆ ಬೆಳಕು ಅಗಲವಾಗುತ್ತಿತ್ತು. ಗುಂಡಿ ಸದ್ದು ಮಾಡುತ್ತಿರಲಿಲ್ಲ. ಬೆಳಕನ್ನು ಹೆಚ್ಚು ಕಡಿಮೆ ಮಾಡಲು ಬರುತ್ತಿತ್ತು. ನಮ್ಮ ಮಾಳಿಗೆಯ ಮೇಲೆ ನಿಂತು ಎದುರಿನ ಗೋಡೆಯ ಮೇಲೆ ಬಿಟ್ಟು ನೋಡಿದೆ, ಬೆಕ್ಕಿನ ಮೇಲೆ ಬಿಟ್ಟು ನೋಡಿದೆ. ಬೆಕ್ಕು ಮೈ ನೆಕ್ಕುವುದನ್ನು ನಿಲ್ಲಿಸಲಿಲ್ಲ. ಮಕ್ಕಳಂತೆ ಚಪ್ಪಾಳೆ ತಟ್ಟಿದೆ.

ರಜೆ ಮುಗಿಯುವ ಮೊದಲೇ ಅದನ್ನು ಹಿಡಿದು ಮತ್ತೆ ತಾಂಬಾಕ್ಕೆ ಹೋದೆ. ಆ ರಾತ್ರಿ ನಾನು, ಅಣ್ಣ ಬದುವಿನ ಮೇಲೆ ಕುಳಿತೆವು. ಕೆಂಪು ಬೆಳಕಿನಲ್ಲಿ ಮೊಲವೊಂದು ನಮ್ಮಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಮೇಯುತ್ತಿತ್ತು. ಅದರ ಎಡಗಿವಿ ಹರಿದಿತ್ತು. ಎರಡು ಕಾಲ ಮೇಲೆ ಎದ್ದು ನಿಂತು ಮುಖ ಒರೆಸಿಕೊಂಡಿತು, ಮತ್ತೆ ಮೇಯಿತು. ಅಣ್ಣ ಉಸಿರು ಬಿಗಿಹಿಡಿದಿದ್ದ.

"ನಮ್ಮನ್ನ ನೋಡವಲ್ದಲ್ಲವಾ ಇದು!" ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದ.

"ಬೆಳಕು ಅದಕ್ಕ ಕಾಣಂಗಿಲ್ಲಣ್ಣ. ಗಾಳಿ ಎದುರಿಗೆ ಇರಬೇಕು, ಸಪ್ಪಳ ಮಾಡಬಾರದು, ಅಷ್ಟ."

ಅವನ ಆ ಬೆರಗು ನಾಟಕವಾಗಿರಲಿಲ್ಲ ಎಂದು ಇವತ್ತಿಗೂ ನಂಬಿದ್ದೇನೆ. ರಜೆ ಮುಗಿದಾಗ ಬ್ಯಾಟರಿಯನ್ನು ಅವನಿಗೇ ಕೊಟ್ಟುಬಂದೆ. ಎಂಥದ್ದು ಆರಿಸಬೇಕು, ಹೇಗೆ ಹಿಡಿಯಬೇಕು, ಎಷ್ಟು ದೂರದಿಂದ ನೋಡಬೇಕು ಎಂದು ಫೋನಿನಲ್ಲಿ ಒಂದು ಉದ್ದನೆಯ ಟಿಪ್ಪಣಿಯನ್ನೂ ಬರೆದು ಕಳಿಸಿದೆ. ಅವನನ್ನು ಬೇರೆ ಯಾರಾದರೂ ಕೇಳಿದರೆ ಹೇಳಲಿ ಎಂದು. ಮೇಷ್ಟರ ಬುದ್ಧಿ, ಎಲ್ಲವನ್ನೂ ಬಿಡಿಸಿ ಹೇಳದೆ ಇರಲಾಗುವುದಿಲ್ಲ.

ಆಮೇಲೆ ಕೆಲವು ತಿಂಗಳು ಅವನು ದಿನ ಬಿಟ್ಟು ದಿನ ಫೋನು ಮಾಡುತ್ತಿದ್ದ. ಇವತ್ತು ನಾಲ್ಕು ಕಂಡೆ, ಇವತ್ತು ಹರಕ ಕಿವಿದರ ಜೋಡಿ ಎರಡು ಮರಿ ಇದ್ದವು, ನರಿ ಕೊಳ್ಳದ ಕಡೆ ಹೋಯಿತು. ನಾನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತಿದ್ದೆ. ಚಳಿಗಾಲ ಬರುವ ಹೊತ್ತಿಗೆ ಫೋನುಗಳು ಕಡಿಮೆಯಾದವು. ಕೆಲಸ ಇರಬೇಕು ಎಂದುಕೊಂಡೆ.

ಸಂಕ್ರಾಂತಿಯಾದ ಮೇಲೆ ಒಂದು ಭಾನುವಾರ ಊಟಕ್ಕೆ ಕರೆದ. ಅಣ್ಣನ ಹೆಂಡತಿ ವೈನಿ ಬಿಸಿ ರೊಟ್ಟಿ ಬಡಿದು ಹಾಕುತ್ತಿದ್ದಳು, ಅವ್ವ ಪಕ್ಕದಲ್ಲಿ ಕುಳಿತಿದ್ದಳು. ಖಾರದ ಸಾರಿನಲ್ಲಿ ಮಾಂಸದ ತುಂಡುಗಳು. ಕೋಳಿ ಎಂದುಕೊಂಡೇ ತಿಂದೆ. ಎರಡನೆಯ ರೊಟ್ಟಿಗೆ ಮತ್ತೆ ಹಾಕಿಸಿಕೊಂಡೆ. ಎಲುಬು ಸಣ್ಣದಾಗಿತ್ತು, ಉದ್ದವಾಗಿತ್ತು. ನಾನು ಎಲುಬಿನ ಪಾಠ ಮಾಡುವವಳು. ಕೈ ನಿಂತಿತು.

"ಇದೇನಣ್ಣ?"

"ಮೊಲ, ತಂಗಿ. ಛಲೋ ಆಗೇತಿಲ್ಲ?" ಎಂದ, ಖುಷಿಯಿಂದ. "ನಿನ್ನ ಲೈಟ್ ಅಂದ್ರ ಲೈಟ್ ನೋಡು. ಬಲಿ ಬ್ಯಾಡ, ನಾಯಿ ಬ್ಯಾಡ. ಓಡಂಗ ಇಲ್ಲ, ಕುಂತಲ್ಲೇ ಕುಂತಿರ್ತಾವ. ಹಿಂದಿನಿಂದ ಹೋಗಿ ಒಂದ ಬಡಿಗಿ ಏಟು."

ಎದ್ದು ಹಿತ್ತಲಿಗೆ ಹೋದೆ. ವಾಂತಿಯಾಗಲಿಲ್ಲ. ಬಾಯಿಗೆ ಬೆರಳು ಹಾಕಿದರೂ ಆಗಲಿಲ್ಲ. ಆ ಊಟ ನನ್ನ ಹೊಟ್ಟೆಯಲ್ಲಿ ಸುಮ್ಮನೆ ಜೀರ್ಣವಾಯಿತು. ಅದನ್ನು ನೆನೆದರೆ ನನ್ನ ಮೇಲೆಯೇ ಹೇಸಿಗೆಯಾಗುತ್ತದೆ.

ಬಾಯಿ ತೊಳೆದು ಬಂದು ಕೇಳಿದೆ: "ಹರಕ ಕಿವಿದನ್ನೂ?"

"ಕಿವಿ ಯಾರು ನೋಡ್ತಾರ, ತಂಗಿ?"

ನಾನು ಕೂಗಾಡಿದೆ. ಕಾನೂನಿನ ಮಾತಾಡಿದೆ. ನಂಬಿಕೆಯ ಮಾತಾಡಿದೆ. ಅಣ್ಣ ಮೊದಲು ನಕ್ಕ, ಆಮೇಲೆ ನನ್ನ ರಟ್ಟೆ ಹಿಡಿದು ತೋಟಕ್ಕೆ ಕರೆದುಕೊಂಡು ಹೋದ. ಹೊಸದಾಗಿ ನೆಟ್ಟ ಲಿಂಬೆ ಸಸಿಗಳಲ್ಲಿ ಎರಡು ಸಾಲಿನ ಬುಡದ ಸಿಪ್ಪೆಯನ್ನು ಮೊಲಗಳು ಸುತ್ತಲೂ ಕಡಿದು ತಿಂದಿದ್ದವು. ಎಲೆಗಳು ಒಣಗಿ ಮುರುಟಿದ್ದವು.

"ಇದನ್ನ ಬರದಿಯೇನು ನಿನ್ನ ನೋಟ್‌ಬುಕ್ಕಿನ್ಯಾಗ? ನೀ ರಜಾಕ್ಕ ಬರ್ತಿ, ಎಣಸ್ತಿ, ಹೋಗ್ತಿ. ಇಲ್ಲಿ ಇರಾಂವ ನಾನು."

ಬುಡಕ್ಕೆ ತಂತಿಯ ಜಾಲರಿ ಕಟ್ಟಬಹುದಿತ್ತು ಎಂದೆ. ಅದು ನಿಜವೂ ಹೌದು. ಆದರೆ ಆ ಕ್ಷಣಕ್ಕೆ ಅದು ಎಷ್ಟು ಪೊಳ್ಳಾಗಿ ಕೇಳಿಸಿತೆಂದರೆ ನನಗೇ ನಾಚಿಕೆಯಾಯಿತು. "ಸಸಿ ಉಳಸಾಕ ಹೊಡದ್ಯಾ, ತಿನ್ನಾಕ ಹೊಡದ್ಯಾ?" ಎಂದು ಕೇಳಿದೆ. ಅವನು ಬಗ್ಗಿ ಒಣಗಿದ ಸಸಿಯೊಂದನ್ನು ಕಿತ್ತು ಬದುವಿನ ಕಡೆ ಎಸೆದ.

ಬ್ಯಾಟರಿ ವಾಪಸು ಕೊಡು ಎಂದೆ. ಒಳಗಿಂದ ತಂದು ಕೈಗಿಟ್ಟ. ಹಾಗೆ ಸಲೀಸಾಗಿ ಕೊಟ್ಟಾಗಲೇ ನನಗೆ ಅನುಮಾನ ಬರಬೇಕಿತ್ತು. ಬಸ್ಸಿಗೆ ಬಿಡಲು ಬಂದ ವೈನಿ ತಲೆ ತಗ್ಗಿಸಿಕೊಂಡು ಹೇಳಿದಳು: "ಅವರು ಇನ್ನೊಂದು ತರಸ್ಯಾರ್ರಿ. ಅವರ ದೋಸ್ತರೂ ತರಸ್ಯಾರ. ನೀವು ಬರದಿದ್ರಲ್ಲ, ಎಂಥಾದ್ದು ತಗೋಬೇಕಂತ, ಅದನ್ನ ಎಲ್ಲಾರಿಗೂ ಕಳಿಸಿದ್ರು. ಆಲಮೇಲದ ತನಾ ಹೋಗೇತಂತ."

ಗಾಳಿ ಎದುರಿಗಿರಬೇಕು, ಸಪ್ಪಳ ಮಾಡಬಾರದು, ಬಿಳಿ ಬೆಳಕು ಬರುವಂಥದ್ದು ಬೇಡ, ಬಳೆ ತಿರುಗುವಂಥದ್ದೇ ಇರಲಿ. ಬಸ್ಸಿನಲ್ಲಿ ಕುಳಿತು ನನ್ನ ಟಿಪ್ಪಣಿಯನ್ನು ತೆರೆದು ಓದಿದೆ. ಬೇಟೆಗಾರನೊಬ್ಬ ಬರೆದಿದ್ದರೆ ಇದಕ್ಕಿಂತ ಚೆನ್ನಾಗಿ ಬರೆಯಲಾಗುತ್ತಿರಲಿಲ್ಲ.

ಮರುದಿನ ಅರಣ್ಯ ಇಲಾಖೆಯ ನಂಬರು ಹುಡುಕಿ ಒತ್ತಿದೆ. ಎರಡನೆಯ ರಿಂಗಿಗೆ ಕಟ್ ಮಾಡಿದೆ. ಹಿಂದಿನ ರಾತ್ರಿಯೇ ಅವ್ವ ಫೋನು ಮಾಡಿದ್ದಳು. ಅವಳು ಅಳಲಿಲ್ಲ, ಬೈಯಲೂ ಇಲ್ಲ. "ಮೊಲಾ ಹುಟ್ಟತಾವ, ಹೋಗತಾವ. ಅಣ್ಣ ಒಬ್ಬಾಂವ ಅದಾನ" ಎಂದಷ್ಟೇ ಹೇಳಿ ಇಟ್ಟಿದ್ದಳು. ನಾನು ಮತ್ತೆ ಆ ನಂಬರು ಒತ್ತಲಿಲ್ಲ. ತರಗತಿಯಲ್ಲಿ ವನ್ಯಜೀವಿ ಸಂರಕ್ಷಣೆಯ ಪಾಠ ಬಂದಾಗ ಪುಸ್ತಕದಲ್ಲಿದ್ದದ್ದನ್ನು ಓದಿ ಮುಗಿಸುತ್ತೇನೆ. ಮಕ್ಕಳು ಪ್ರಶ್ನೆ ಕೇಳಿದರೆ ಗಂಟೆ ಯಾವಾಗ ಹೊಡೆಯುತ್ತದೋ ಎಂದು ಕಾಯುತ್ತೇನೆ.

ಆ ಬೇಸಿಗೆಗೂ ತವರಿಗೆ ಹೋದೆ. ಅಣ್ಣನೊಂದಿಗೆ ಹವೆ, ಲಿಂಬೆಯ ದರ, ಅವ್ವನ ಮೊಣಕಾಲು, ಇಷ್ಟೇ ಮಾತು. ಒಂದು ರಾತ್ರಿ ಯಾರಿಗೂ ಹೇಳದೆ ಕೆಂಪು ಬೆಳಕು ಹಿಡಿದು ಬದುವಿನ ಮೇಲೆ ಒಬ್ಬಳೇ ಕುಳಿತೆ. ಬಹಳ ಹೊತ್ತು ಬೆಳಕನ್ನು ಅತ್ತಿತ್ತ ಆಡಿಸಿದೆ. ಹುಲ್ಲು ಇತ್ತು. ಕಲ್ಲು ಇದ್ದವು. ಒಂದು ಜೋಡಿ ಕಣ್ಣೂ ಹೊಳೆಯಲಿಲ್ಲ.

ಕಳೆದ ತಿಂಗಳು ಗುರುತಿಲ್ಲದ ನಂಬರಿನಿಂದ ಫೋನು ಬಂತು. ಮುದ್ದೇಬಿಹಾಳದ ಕಡೆಯವನಂತೆ, ದನಿ ಕೇಳಿದರೆ ನಡುವಯಸ್ಸಿನವನು.

"ಟೀಚರ್ ಏನ್ರಿ? ರಾತ್ರಿ ಪ್ರಾಣಿ ನೋಡಾಕ ಕೆಂಪು ಲೈಟ್ ಯಾವುದು ಛಲೋ ಅಂತ ನಿಮಗ ಗೊತ್ತೈತಂತ ಹೇಳಿದ್ರು. ಮಗಳಿಗೆ ಗೂಬಿ ತೋರಸಬೇಕಂತ ಮಾಡೇನ್ರಿ. ಭಾಳ ದಿನದಿಂದ ಕೇಳಾಕತ್ತಾಳ."

ಅವನು ನಿಜ ಹೇಳುತ್ತಿದ್ದಿರಬಹುದು. ದನಿಯಲ್ಲಿ ಮೋಸವೇನೂ ಇರಲಿಲ್ಲ. ಹಿಂದೆ ಎಲ್ಲೋ ಒಂದು ಹುಡುಗಿ ಏನೋ ಹೇಳುತ್ತಿದ್ದುದೂ ಕೇಳಿಸಿತು.

"ಕೆಂಪು ಗಿಂಪು ಏನೂ ಉಪಯೋಗಿಲ್ರಿ" ಎಂದೆ. "ಬಿಳೇದು ತಗೋರಿ. ಎಷ್ಟು ಜೋರು ಬೆಳಕು ಇರ್ತೈತಿ, ಅಷ್ಟು ಛಲೋ."

"ಹೌದ್ರಿ? ಭಾಳ ಉಪಕಾರ ಆತ್ರಿ ಟೀಚರ್" ಎಂದು ಅವನು ಫೋನು ಇಟ್ಟ.